ದೂರ ಶಿಕ್ಷಣದ ಪಾಠಗಳಿಗೆ ಯಾವ ಲೈಸೆನ್ಸ್ ಹಾಕಬೇಕು?

"ಮೇಡಂ, ನನಗೆ ನೆಟ್‌ವರ್ಕ್ ಸರಿಯಾಗಿ ಸಿಗೋದು ರಾತ್ರಿ ಹನ್ನೊಂದರ ಮೇಲೆ. ಪಾಠಗಳನ್ನೆಲ್ಲ ಒಂದೇ ಸಲ ಡೌನ್‌ಲೋಡ್ ಮಾಡಿ ಇಟ್ಕೊಳ್ಳಬಹುದಾ? ಕೋರ್ಸ್ ಮುಗಿದ ಮೇಲೂ ಇಟ್ಕೊಂಡ್ರೆ ತಪ್ಪಾ?"

ದೂರ ಶಿಕ್ಷಣದ ವಿದ್ಯಾರ್ಥಿಯೊಬ್ಬರು ಕೇಳಿದ ಈ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ನೇರವಾದ ಉತ್ತರ ಇರಲಿಲ್ಲ. ಜೀವಶಾಸ್ತ್ರದ ಆ ಪಾಠ ಬರೆದವಳು ನಾನೇ. ಆದರೆ ಅದರಲ್ಲಿದ್ದ ಹೃದಯದ ಚಿತ್ರ ಒಂದು ಪಠ್ಯಪುಸ್ತಕದಿಂದ ಸ್ಕ್ಯಾನ್ ಮಾಡಿದ್ದು. ಕೋಷ್ಟಕ ಯಾವುದೋ ವೆಬ್‌ಸೈಟಿನದು. ವಿಡಿಯೊ ಇನ್ನೊಬ್ಬರದು. ನನ್ನದಲ್ಲದ್ದನ್ನು ಇಟ್ಟುಕೊಳ್ಳಿ ಅಂತ ಹೇಳಲು ನನಗೆ ಹಕ್ಕು ಇತ್ತಾ? ಮೂರು ದಿನ ಬಿಟ್ಟು ಉತ್ತರ ಕೊಟ್ಟೆ, ಅದೂ ಅರ್ಧಂಬರ್ಧ. ಆಮೇಲೆ ಕೋರ್ಸಿನ ಒಂದೊಂದು ಘಟಕವನ್ನೂ ಮುಂದಿಟ್ಟುಕೊಂಡು ಕೂತೆ. ಪಾಠ ಬರೆಯುವವರಿಗೆ, ಬೇರೆಯವರ ಸಾಮಗ್ರಿ ತಂದು ತಮ್ಮ ವಿದ್ಯಾರ್ಥಿಗಳಿಗೆ ಕೊಡುವವರಿಗೆ ಯಾವ ದಾರಿ ಯಾವಾಗ ಒಳ್ಳೆಯದು ಅಂತ, ಆಗ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ದೂರದಿಂದ ಕಲಿಸುವಾಗ ಏನು ಬದಲಾಗುತ್ತದೆ

ತರಗತಿಯಲ್ಲಿ ಪುಸ್ತಕ ತೆರೆದು ಚಿತ್ರ ತೋರಿಸಿದರೆ ಅಲ್ಲಿಗೆ ಮುಗಿಯಿತು. ಅದೇ ಚಿತ್ರವನ್ನು ದೂರದಲ್ಲಿರುವವರಿಗೆ ತೋರಿಸಬೇಕಾದರೆ ಅದು ಸ್ಕ್ಯಾನ್ ಆಗಬೇಕು, ಸರ್ವರ್‌ಗೆ ಏರಬೇಕು, ನೂರಾರು ಫೋನ್‌ಗಳಿಗೆ ಇಳಿಯಬೇಕು. ಪ್ರತಿ ಹೆಜ್ಜೆಗೂ ಒಂದು ಪ್ರತಿ ಹುಟ್ಟುತ್ತದೆ. ಕಾಪಿರೈಟ್ ಕಾನೂನು ಲೆಕ್ಕ ಇಡುವುದು ಈ ಪ್ರತಿಗಳನ್ನೇ. ಹಾಗಾಗಿ ತರಗತಿಯಲ್ಲಿ ಯಾರೂ ಯೋಚಿಸದ ವಿಷಯ ಇಲ್ಲಿ ದಿನವೂ ಎದುರಾಗುತ್ತದೆ.

ಕಾಪಿರೈಟ್ ಬರಲು ಯಾರೂ ಅರ್ಜಿ ಹಾಕಬೇಕಾಗಿಲ್ಲ. 1886ರಲ್ಲಿ ಶುರುವಾದ ಬರ್ನ್ ಒಪ್ಪಂದದಲ್ಲಿ ಇವತ್ತು ಜಗತ್ತಿನ ಬಹುಪಾಲು ದೇಶಗಳು ಇವೆ. ಆ ಒಪ್ಪಂದದ ಪ್ರಕಾರ ಬರೆದ ಗಳಿಗೆಯಿಂದಲೇ ಹಕ್ಕು ಬರುತ್ತದೆ. ಪುಟದಲ್ಲಿ ಕಾಪಿರೈಟ್ ಗುರುತು ಕಾಣಲಿಲ್ಲ ಅಂದ ಮಾತ್ರಕ್ಕೆ ಎತ್ತಿಕೊಂಡು ಬಳಸಬಹುದು ಅಂತಲ್ಲ.

"ಉಚಿತ ಡೌನ್‌ಲೋಡ್" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಅಷ್ಟೇ. ಉಚಿತ ಅಂದರೆ ದುಡ್ಡು ಬೇಡ ಅಂತ. ಮುಕ್ತ ಅಂದರೆ ಇಂತಿಂಥದ್ದು ಮಾಡಬಹುದು ಅಂತ ಎಲ್ಲರಿಗೂ ಮೊದಲೇ ಬರೆದು ಕೊಟ್ಟ ಅನುಮತಿ. ಮುಕ್ತ ಶಿಕ್ಷಣದ ಬಗ್ಗೆ ಬಹಳ ಕಾಲದಿಂದ ಕೆಲಸ ಮಾಡುತ್ತಿರುವ ಡೇವಿಡ್ ವೈಲಿ ಇದನ್ನು ಐದು ಕೆಲಸಗಳಾಗಿ ಬಿಡಿಸಿ ಹೇಳಿದ್ದಾರೆ: ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೆಯದರ ಜೊತೆ ಬೆರೆಸುವುದು, ಹಂಚುವುದು. ಮೊದಲು ಅವರ ಪಟ್ಟಿಯಲ್ಲಿ ನಾಲ್ಕೇ ಇದ್ದವು. "ಇಟ್ಟುಕೊಳ್ಳುವುದು" ಸೇರಿದ್ದು 2014ರಲ್ಲಿ. ನನ್ನ ವಿದ್ಯಾರ್ಥಿ ಕೇಳಿದ್ದು ಅದನ್ನೇ ಅಲ್ವಾ?

ಲೈಸೆನ್ಸ್‌ಗಿಂತ ಮೊದಲು: ಪಾಠ ಯಾರದ್ದು?

ನೀವು ಬರೆದ ಪಾಠ ನಿಮ್ಮದೇ ಅಂತ ಅಂದುಕೊಳ್ಳಬೇಡಿ. ಸಂಬಳಕ್ಕೆ ಕೆಲಸ ಮಾಡುವಾಗ ಬರೆದದ್ದು ಹಲವು ದೇಶಗಳ ಕಾನೂನಿನಲ್ಲಿ ಸಂಸ್ಥೆಗೇ ಸೇರುತ್ತದೆ, ಒಪ್ಪಂದದಲ್ಲಿ ಬೇರೆ ಏನಾದರೂ ಬರೆದಿದ್ದರೆ ಬೇರೆ ಮಾತು. ಹೊರಗಿನಿಂದ ಬಂದು ಒಂದು ಘಟಕ ಬರೆದುಕೊಟ್ಟವರದು ಇನ್ನೊಂದು ಕಥೆ. ಅಲ್ಲಿ ಒಪ್ಪಂದದ ಕಾಗದದಲ್ಲಿ ಏನಿದೆಯೋ ಅದೇ ನಡೆಯುತ್ತದೆ. ಹಕ್ಕು ಇಲ್ಲದವರು ಮುಕ್ತ ಲೈಸೆನ್ಸ್ ಹಾಕಿದರೆ ಆ ಲೈಸೆನ್ಸ್‌ಗೆ ಬೆಲೆ ಇಲ್ಲ. ಅದನ್ನು ನಂಬಿ ಬಳಸಿದವರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ವಿದ್ಯಾರ್ಥಿಗಳು ಬರೆದ ಅಸೈನ್‌ಮೆಂಟ್, ಅವರು ತೆಗೆದ ಫೋಟೊ ಅವರದೇ. ಚೆನ್ನಾಗಿದೆ ಅಂತ ಮುಂದಿನ ವರ್ಷದ ಪಾಠಕ್ಕೆ ಸುಮ್ನೆ ಸೇರಿಸಿಕೊಳ್ಳುವಂತಿಲ್ಲ. ಕೇಳಿ, ಹೆಸರು ಹಾಕಿ ಬಳಸಿ. ಕೇಳಿದರೆ ಬಹಳ ಜನ ಖುಷಿಯಿಂದಲೇ ಕೊಡುತ್ತಾರೆ.

ಮುಕ್ತವಲ್ಲದ್ದನ್ನು ಬಳಸಲೇಬೇಕಾದಾಗ

ಎಲ್ಲ ವಿಷಯಕ್ಕೂ ಮುಕ್ತ ಸಾಮಗ್ರಿ ಸಿಗುವುದಿಲ್ಲ. ಇತ್ತೀಚಿನ ಕಾದಂಬರಿ ಪಾಠ ಮಾಡಬೇಕಾದರೆ, ಹೊಸ ಸಂಶೋಧನಾ ಲೇಖನ ಓದಿಸಬೇಕಾದರೆ ಕಾಪಿರೈಟ್ ಇರುವುದನ್ನೇ ಮುಟ್ಟಬೇಕು. ಆಗ ಮೂರು ದಾರಿಗಳು.

ಮೊದಲನೆಯದು ಲಿಂಕ್ ಕೊಡುವುದು. ಸರಿಯಾದ ಜಾಗದಲ್ಲಿ, ಹಕ್ಕುದಾರರೇ ಹಾಕಿದ ಪುಟಕ್ಕೆ ಲಿಂಕ್ ಕೊಟ್ಟರೆ ನೀವು ಪ್ರತಿ ಮಾಡಿದಂತಾಗುವುದಿಲ್ಲ. ಸುಲಭ, ಖರ್ಚಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಮಾತ್ರ ನೆಟ್‌ವರ್ಕ್ ಸಿಗುವ ವಿದ್ಯಾರ್ಥಿಗೆ ಇದು ಅರ್ಧ ಸಹಾಯ. ಪುಟ ಒಂದು ದಿನ ಮಾಯವಾದರೆ ಪಾಠದಲ್ಲಿ ತೂತು ಬೀಳುತ್ತದೆ.

ಎರಡನೆಯದು ಕಾನೂನಿನಲ್ಲೇ ಇರುವ ಶಿಕ್ಷಣದ ವಿನಾಯಿತಿ. ಇದರ ಮೇಲೆ ಎಷ್ಟು ಭಾರ ಹಾಕಬಹುದು ಅನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ ಆನ್‌ಲೈನ್ ಪಾಠಕ್ಕೆಂದೇ 2002ರಲ್ಲಿ ಟೀಚ್ ಆಕ್ಟ್ ಬಂತು. ಅದರ ಲಾಭ ಸರ್ಕಾರಿ ಸಂಸ್ಥೆಗಳಿಗೆ ಮತ್ತು ಮಾನ್ಯತೆ ಇರುವ, ಲಾಭಕ್ಕಲ್ಲದ ಸಂಸ್ಥೆಗಳಿಗೆ. ಕೋರ್ಸಿಗೆ ಸೇರಿದವರಿಗೆ ಮಾತ್ರ ತೋರಿಸಬೇಕು. ವಿದ್ಯಾರ್ಥಿಗಳು ಕೊಂಡುಕೊಳ್ಳಬೇಕಾದ ಪಠ್ಯಪುಸ್ತಕಕ್ಕೆ ಅದು ಅನ್ವಯಿಸುವುದಿಲ್ಲ. ಯುರೋಪಿಯನ್ ಒಕ್ಕೂಟದ 2019ರ ಕಾಪಿರೈಟ್ ನಿರ್ದೇಶನ ಗಡಿಯ ಸಮಸ್ಯೆಯನ್ನು ನೇರವಾಗಿ ಮುಟ್ಟುತ್ತದೆ. ಸಂಸ್ಥೆ ಇರುವ ದೇಶದಲ್ಲೇ ಬಳಕೆ ಆಯಿತು ಅಂತ ಅದು ಲೆಕ್ಕ ಹಾಕುತ್ತದೆ, ಆದರೆ ಸಾಮಗ್ರಿ ಪಾಸ್‌ವರ್ಡ್ ಹಾಕಿದಂಥ ಸುರಕ್ಷಿತ ಜಾಗದಲ್ಲಿರಬೇಕು. ಭಾರತದ ಕಾನೂನು ಬೋಧನೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಲು ಬಿಡುತ್ತದೆ. ಇದಕ್ಕೆ ಅಗಲವಾದ ಅರ್ಥ ಕೊಟ್ಟ ದೆಹಲಿ ಹೈಕೋರ್ಟ್, ಪಾಠಕ್ಕೆ ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಿ ಕೊಡುವ ಕೋರ್ಸ್ ಪ್ಯಾಕ್‌ಗಳ ಬಗ್ಗೆ 2016ರಲ್ಲಿ ತೀರ್ಪು ಕೊಟ್ಟಿತು.

ವಿನಾಯಿತಿಯ ದೊಡ್ಡ ಮಿತಿ ಇದು: ಅದು ಇವತ್ತಿನ ನಿಮ್ಮ ತರಗತಿಗೆ ಮಾತ್ರ. ನಿಮ್ಮ ಘಟಕವನ್ನು ಇನ್ನೊಂದು ಸಂಸ್ಥೆಗೆ ಕೊಡಲು, ಎಲ್ಲರಿಗೂ ತೆರೆದಿಡಲು ಅದು ನೆರವಾಗುವುದಿಲ್ಲ. ವಿದ್ಯಾರ್ಥಿ ಇನ್ನೊಂದು ದೇಶದಲ್ಲಿದ್ದರೆ ಲೆಕ್ಕವೇ ಬೇರೆ ಆಗಬಹುದು.

ಮೂರನೆಯದು ಬರೆದು ಕೇಳುವುದು, ಬೇಕಾದರೆ ದುಡ್ಡು ಕೊಡುವುದು. ಕೇಳುವಾಗ ಎಷ್ಟು ವಿದ್ಯಾರ್ಥಿಗಳು, ಎಷ್ಟು ವರ್ಷ, ಡೌನ್‌ಲೋಡ್ ಇದೆಯೋ ಇಲ್ಲವೋ, ಎಲ್ಲವನ್ನೂ ಬರೆಯಿರಿ. "ಶಿಕ್ಷಣಕ್ಕೆ ಬಳಸಿಕೊಳ್ಳುತ್ತೇವೆ" ಅಂತ ಒಂದು ಸಾಲು ಬರೆದು ಒಪ್ಪಿಗೆ ತಂದರೆ ಮುಂದೆ ಅದು ಯಾವುದಕ್ಕೆ ಸಿಕ್ಕ ಒಪ್ಪಿಗೆ ಅಂತಲೇ ಗೊತ್ತಾಗುವುದಿಲ್ಲ.

ಈ ಮೂರರಲ್ಲಿ ಓದಿಗೆ ಪೂರಕವಾದದ್ದಕ್ಕೆ ಲಿಂಕ್ ಸಾಕು. ಅದಿಲ್ಲದೆ ಪಾಠವೇ ಇಲ್ಲ ಅನ್ನುವಂಥದ್ದಕ್ಕೆ ಅನುಮತಿ ತಗೊಳ್ಳಿ. ವಿನಾಯಿತಿಯನ್ನು ಚಿಕ್ಕ ಭಾಗಗಳಿಗೆ, ಪಾಸ್‌ವರ್ಡ್ ಒಳಗೆ ಇಡಿ.

ಕ್ರಿಯೇಟಿವ್ ಕಾಮನ್ಸ್: ಆರರಲ್ಲಿ ಯಾವುದು?

ಪಾಠ ನಿಮ್ಮದೇ ಆಗಿದ್ದರೆ, ಮುಕ್ತವಾಗಿ ಬಿಡಬೇಕು ಅಂತ ಮನಸ್ಸಿದ್ದರೆ, ಎಲ್ಲರೂ ಹೋಗುವುದು ಕ್ರಿಯೇಟಿವ್ ಕಾಮನ್ಸ್ (ಸಿಸಿ) ಹತ್ತಿರ. ಸಂಸ್ಥೆ ಹುಟ್ಟಿದ್ದು 2001ರಲ್ಲಿ. ಮೊದಲ ಲೈಸೆನ್ಸ್‌ಗಳು ಬಂದದ್ದು 2002ರ ಡಿಸೆಂಬರಿನಲ್ಲಿ. ಈಗ ಬಳಸಬೇಕಾದದ್ದು 2013ರಲ್ಲಿ ಬಂದ 4.0 ಆವೃತ್ತಿ. ಒಟ್ಟು ಆರು ಲೈಸೆನ್ಸ್‌ಗಳಿವೆ, ಆದರೆ ಅವೆಲ್ಲ ನಾಲ್ಕು ಷರತ್ತುಗಳ ಜೋಡಣೆ: ಹೆಸರು ಹೇಳಿ (ಬೈ), ಇದೇ ಲೈಸೆನ್ಸ್‌ನಲ್ಲೇ ಹಂಚಿ (ಎಸ್‌ಎ), ವ್ಯಾಪಾರಕ್ಕೆ ಬೇಡ (ಎನ್‌ಸಿ), ಬದಲಾಯಿಸಿ ಹಂಚಬೇಡಿ (ಎನ್‌ಡಿ).

ಎನ್‌ಡಿಯನ್ನು ಮೊದಲೇ ಪಕ್ಕಕ್ಕಿಡೋಣ. ಅನುವಾದವೂ ಕಾನೂನಿನ ಕಣ್ಣಲ್ಲಿ ಬದಲಾವಣೆಯೇ. ಎನ್‌ಡಿ ಇರುವ ಪಾಠವನ್ನು ಬೇರೆ ಭಾಷೆಗೆ ತಂದು ಹಂಚುವಂತಿಲ್ಲ, ಹಳೆಯದಾದ ಅಂಕಿ ತಿದ್ದಿ ಕೊಡುವಂತಿಲ್ಲ, ಕಷ್ಟದ ಪ್ಯಾರಾ ಸರಳ ಮಾಡಿ ಕೊಡುವಂತಿಲ್ಲ. ಪಿಡಿಎಫ್‌ ಇದ್ದದ್ದನ್ನು ಇ-ಪಬ್ ಮಾಡುವಂಥ ರೂಪ ಬದಲಾವಣೆಗೆ ಮಾತ್ರ ಅಡ್ಡಿ ಇಲ್ಲ. ಒಂದು ಸಂಸ್ಥೆಯ ಅಧಿಕೃತ ಹೇಳಿಕೆಗೋ ಯಾರದೋ ವೈಯಕ್ತಿಕ ಸಂದರ್ಶನಕ್ಕೋ ಇದು ಸರಿ. ಪಾಠಕ್ಕೆ ಬೇಡ.

ಜಾಸ್ತಿ ಗೊಂದಲ ಇರುವುದು ಎನ್‌ಸಿ ಬಗ್ಗೆ. "ನಮ್ಮ ಪಾಠ ಯಾರಾದರೂ ಮಾರಿಕೊಂಡರೆ?" ಅನ್ನುವ ಭಯ ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ಎಂಐಟಿಯ ಓಪನ್‌ಕೋರ್ಸ್‌ವೇರ್, ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2006ರಲ್ಲಿ ಶುರು ಮಾಡಿದ ಓಪನ್‌ಲರ್ನ್, ಹೀಗೆ ಪಾಠಗಳನ್ನು ಆನ್‌ಲೈನ್‌ನಲ್ಲಿ ತೆರೆದಿಟ್ಟ ದೊಡ್ಡವರೇ ಬೈ-ಎನ್‌ಸಿ-ಎಸ್‌ಎ ಹಿಡಿದರು. ಆದರೆ ದೂರ ಶಿಕ್ಷಣದ ನೆಲದಲ್ಲಿ ನಿಂತು ನೋಡಿದರೆ ಎನ್‌ಸಿ ತಡೆಯುವುದು ಭಯಪಟ್ಟವರನ್ನಲ್ಲ, ಬಳಸಬೇಕಾದವರನ್ನೇ.

ಲೈಸೆನ್ಸ್ ನೋಡುವುದು ಬಳಕೆಯನ್ನು, ಬಳಸುವವರು ಯಾರು ಅನ್ನುವುದನ್ನಲ್ಲ. ಬಳಕೆಯ ಮುಖ್ಯ ಉದ್ದೇಶ ವ್ಯಾಪಾರದ ಲಾಭವೋ ಹಣವೋ ಆಗಿರಬಾರದು, ಅಷ್ಟೇ. ಈಗ ಶುಲ್ಕ ತಗೊಂಡು ನಡೆಸುವ ಕೋರ್ಸಿನಲ್ಲಿ ಎನ್‌ಸಿ ಪಾಠ ಸೇರಿಸಬಹುದಾ? ಮುದ್ರಣದ ಖರ್ಚು ವಾಪಸ್ ತಗೊಂಡರೆ? ಸಣ್ಣ ಟ್ಯೂಷನ್ ನಡೆಸುವವರು ಬಳಸಿದರೆ? ಇಂಥ ಪ್ರಶ್ನೆ ಬಂದಾಗ ಎಚ್ಚರಿಕೆಯ ಶಿಕ್ಷಕರು ಸುಮ್ಮನೆ ಆ ಪಾಠ ಬಿಟ್ಟುಬಿಡುತ್ತಾರೆ. ಕಾನೂನಿಗೆ ಹೆದರದೆ ಕದಿಯುವವರಿಗೆ ಎನ್‌ಸಿ ಅಂದರೇನು ಅಂತಲೂ ಗೊತ್ತಿರುವುದಿಲ್ಲ.

ಇದು ಕೋರ್ಟಿಗೂ ಹೋಗಿದೆ. ಅಮೆರಿಕದ ಗ್ರೇಟ್ ಮೈಂಡ್ಸ್ ಸಂಸ್ಥೆ ತನ್ನ ಗಣಿತ ಪಾಠಗಳನ್ನು ಬೈ-ಎನ್‌ಸಿ-ಎಸ್‌ಎ ಅಡಿ ಬಿಟ್ಟಿತ್ತು. ಶಾಲೆಗಳು ಅವನ್ನು ಫೆಡೆಕ್ಸ್‌ನ ಪ್ರತಿ ಮಾಡುವ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಪ್ರಿಂಟ್ ಮಾಡಿಸಿಕೊಂಡವು. ಅಂಗಡಿಗೆ ಲಾಭ ಬಂತಲ್ಲ, ಅದು ವ್ಯಾಪಾರವೇ ಅಂತ ಸಂಸ್ಥೆ ದಾವೆ ಹಾಕಿತು. ಶಾಲೆ ತಾನೇ ಮಾಡಿಕೊಳ್ಳಬಹುದಾದ ಪ್ರತಿಯನ್ನು ಅಂಗಡಿಯ ಕೈಯಲ್ಲಿ ಮಾಡಿಸಿದರೆ ಲೈಸೆನ್ಸ್ ಮುರಿಯುವುದಿಲ್ಲ ಅಂತ 2018ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಆಫೀಸ್ ಡಿಪೋ ಮೇಲೆ ಹಾಕಿದ ಇಂಥದ್ದೇ ದಾವೆಯಲ್ಲಿ 2019ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟೂ ಅದನ್ನೇ ಹೇಳಿತು. ಪ್ರಿಂಟರ್ ಇಲ್ಲದ ವಿದ್ಯಾರ್ಥಿಗಳ ದೃಷ್ಟಿಯಿಂದ ಇದು ಒಳ್ಳೆಯ ಸುದ್ದಿ. ಆದರೂ ಒಂದು ಪ್ರಿಂಟ್ ತೆಗೆಸಬಹುದಾ ಅಂತ ತಿಳಿಯಲು ಎರಡು ಕೋರ್ಟ್ ಹತ್ತಬೇಕಾಯಿತು ನೋಡಿ.

ಹಾಗಾದರೆ ಮಾರಿಕೊಳ್ಳುವ ಭಯಕ್ಕೆ ಏನು ಮಾಡುವುದು? ಬೈ-ಎಸ್‌ಎ ಇದೆ. ನಿಮ್ಮ ಪಾಠ ತಗೊಂಡು ಯಾರಾದರೂ ತಿದ್ದಿ, ಬೆಳೆಸಿ ಹೊರತಂದರೆ ಅದನ್ನೂ ಅವರು ಇದೇ ಲೈಸೆನ್ಸ್‌ನಲ್ಲಿ ಬಿಡಬೇಕು. ಮಾರಬಹುದು, ಬೀಗ ಹಾಕುವಂತಿಲ್ಲ. ಕೊಂಡವರು ಅದನ್ನು ಮತ್ತೆ ಹಂಚಬಹುದು. ವಿಕಿಪೀಡಿಯದ ಬರಹ ನಡೆಯುವುದು ಇದರ ಅಡಿಯಲ್ಲೇ. ಒಂದು ತಪ್ಪು ತಿಳಿವಳಿಕೆ ಮಾತ್ರ ಇದೆ. ಒಂದು ಬೈ-ಎಸ್‌ಎ ಚಿತ್ರವನ್ನು ಇದ್ದ ಹಾಗೇ ಘಟಕದಲ್ಲಿ ಸೇರಿಸಿದರೆ ಇಡೀ ಘಟಕವೇ ಬೈ-ಎಸ್‌ಎ ಆಗುತ್ತದೆ ಅಂತ ಹೆದರುತ್ತಾರೆ. ಹಾಗೇನಿಲ್ಲ. ಚಿತ್ರ ತನ್ನ ಲೈಸೆನ್ಸ್ ಇಟ್ಟುಕೊಂಡು ಪಕ್ಕದಲ್ಲಿ ಕೂತಿರುತ್ತದೆ. ತಿದ್ದಿದಾಗ, ಬೆರೆಸಿದಾಗ ಮಾತ್ರ ಷರತ್ತು ಎದ್ದು ನಿಲ್ಲುತ್ತದೆ.

ಬರೀ ಬೈ ಎಲ್ಲಕ್ಕಿಂತ ಸರಳ. ಹೆಸರು ಹೇಳಿ, ಏನು ಬೇಕಾದರೂ ಮಾಡಿ. ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ 2012ರಿಂದ ಹೊರತಂದ ಪಠ್ಯಪುಸ್ತಕಗಳಲ್ಲಿ ಹಲವು ಬೈ ಅಡಿಯಲ್ಲಿವೆ. ಆದರೆ ಅಲ್ಲೇ ಕ್ಯಾಲ್ಕುಲಸ್ ಪುಸ್ತಕ ಬೈ-ಎನ್‌ಸಿ-ಎಸ್‌ಎ. ಪ್ರಕಾಶಕರ ಹೆಸರು ನೋಡಿ ನಂಬಬೇಡಿ, ಪುಸ್ತಕ ಪುಸ್ತಕಕ್ಕೂ ತೆರೆದು ನೋಡಿ.

ಇನ್ನು ಸಿಸಿ ಝೀರೊ: ಹೆಸರೂ ಬೇಡ, ಎಲ್ಲ ಬಿಟ್ಟುಕೊಟ್ಟೆ ಅನ್ನುವುದು. ಪ್ರಶ್ನೆ ಬ್ಯಾಂಕ್, ದತ್ತಾಂಶದ ಕೋಷ್ಟಕ, ಖಾಲಿ ಫಾರಂಗಳಿಗೆ ಚೆನ್ನ. ನೂರು ಪ್ರಶ್ನೆಗೆ ನೂರು ಹೆಸರು ಹಾಕುವ ಕಷ್ಟ ತಪ್ಪುತ್ತದೆ. ಪಾಠದಲ್ಲಿ ಪ್ರೋಗ್ರಾಂ ಕೋಡ್ ಇದ್ದರೆ ಅದಕ್ಕೆ ಕ್ರಿಯೇಟಿವ್ ಕಾಮನ್ಸ್ ಹಾಕಬೇಡಿ, ಎಂಐಟಿ ಲೈಸೆನ್ಸ್‌ನಂಥ ಸಾಫ್ಟ್‌ವೇರ್ ಲೈಸೆನ್ಸ್ ಹಾಕಿ.

ಯಾವುದು ಹಾಕಿದರೂ ಒಂದು ಮಾತು ನೆನಪಿಡಿ: ಹಿಂದಕ್ಕೆ ತಗೊಳ್ಳಲು ಆಗುವುದಿಲ್ಲ. ನಾಳೆ ನಿಮ್ಮ ಪುಟದಿಂದ ತೆಗೆಯಬಹುದು, ಆದರೆ ಇವತ್ತು ಇಳಿಸಿಕೊಂಡವರ ಹಕ್ಕು ಹಾಗೇ ಇರುತ್ತದೆ. ವಿದ್ಯಾರ್ಥಿಗೆ ಧೈರ್ಯ ಕೊಡುವುದೂ ಇದೇ.

ಬೆರೆಸುವಾಗ ಬಿದ್ದ ಪೆಟ್ಟು

ರಕ್ತದ ಗುಂಪುಗಳ ಬಗ್ಗೆ ಒಂದು ಪಾಠ ಮಾಡುತ್ತಿದ್ದೆ. ವಿಕಿಪೀಡಿಯದಿಂದ ನಾಲ್ಕು ಪ್ಯಾರಾ, ಎನ್‌ಸಿ-ಎಸ್‌ಎ ಇದ್ದ ಒಂದು ಮುಕ್ತ ಕೋರ್ಸಿನಿಂದ ಆರು ಪ್ಯಾರಾ. ಎರಡನ್ನೂ ಹೆಣೆದು, ವಾಕ್ಯ ತಿದ್ದಿ, ಒಂದು ವಾರ ಕೂತು ಚೆಂದ ಮಾಡಿದೆ. ಕೊನೆಗೆ ಲೈಸೆನ್ಸ್ ಸಾಲು ಬರೆಯಲು ಹೋದಾಗ ಕೈ ನಿಂತಿತು. ಒಂದು ಹೇಳುತ್ತದೆ, ಫಲ ಬೈ-ಎಸ್‌ಎ ಆಗಿರಲೇಬೇಕು. ಇನ್ನೊಂದು ಹೇಳುತ್ತದೆ, ಬೈ-ಎನ್‌ಸಿ-ಎಸ್‌ಎ ಆಗಿರಲೇಬೇಕು. ಎರಡನ್ನೂ ಒಟ್ಟಿಗೆ ಪಾಲಿಸುವ ದಾರಿಯೇ ಇಲ್ಲ. ಎರಡೂ ಮುಕ್ತ, ಎರಡೂ ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು, ಆದರೂ ಸೇರುವುದಿಲ್ಲ.

ಕೊನೆಗೆ ಆರು ಪ್ಯಾರಾ ತೆಗೆದುಹಾಕಿ, ಅದರಲ್ಲಿದ್ದ ವಿಷಯವನ್ನು ಪುಸ್ತಕಗಳನ್ನು ನೋಡಿ ನನ್ನದೇ ಮಾತಿನಲ್ಲಿ ಹೊಸದಾಗಿ ಬರೆದೆ. ಕಾಪಿರೈಟ್ ಕಾಯುವುದು ಬರೆದ ಮಾತನ್ನು. ರಕ್ತದ ಗುಂಪು ಎಷ್ಟು ಅನ್ನುವ ಸತ್ಯ ಯಾರ ಸ್ವತ್ತೂ ಅಲ್ಲ. ಅವತ್ತಿನಿಂದ ಬೆರೆಸುವುದಕ್ಕೆ ಕೂರುವ ಮೊದಲೇ ಪ್ರತಿ ಮೂಲದ ಪಕ್ಕ ಲೈಸೆನ್ಸ್ ಬರೆದಿಡುತ್ತೇನೆ. ಬೈ ಇದ್ದದ್ದು ಯಾವುದರ ಜೊತೆಗೂ ಹೊಂದುತ್ತದೆ. ಎನ್‌ಡಿ ಯಾವುದರ ಜೊತೆಗೂ ಬೆರೆಯುವುದಿಲ್ಲ. ಎರಡು ಬಗೆಯ ಎಸ್‌ಎ ಕಂಡರೆ ಅಲ್ಲೇ ನಿಲ್ಲುತ್ತೇನೆ.

ಸ್ಕ್ಯಾನ್ ಮಾಡಿದ ಹೃದಯದ ಚಿತ್ರ ಏನಾಯಿತು ಅಂತ ಹೇಳಬೇಕು. ಅದನ್ನು ತೆಗೆದು ಓಪನ್‌ಸ್ಟ್ಯಾಕ್ಸ್ ಪುಸ್ತಕದ ಚಿತ್ರ ಹಾಕಿದೆ. ಬೈ ಇದ್ದದ್ದರಿಂದ ಬಾಣದ ಗುರುತುಗಳ ಪಕ್ಕದ ಹೆಸರುಗಳನ್ನೆಲ್ಲ ಅಳಿಸಿ ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ ಅಂತ ಕನ್ನಡದಲ್ಲೇ ಬರೆದೆ. ಚಿತ್ರದ ಕೆಳಗೆ ಈಗ ಈ ಸಾಲಿದೆ:

"ಹೃದಯದ ಒಳರಚನೆ. ಮೂಲ: ಅನಾಟಮಿ ಅಂಡ್ ಫಿಸಿಯಾಲಜಿ, ಓಪನ್‌ಸ್ಟ್ಯಾಕ್ಸ್. ಲೈಸೆನ್ಸ್: ಸಿಸಿ ಬೈ 4.0. ಭಾಗಗಳ ಹೆಸರನ್ನು ಕನ್ನಡಕ್ಕೆ ಬದಲಾಯಿಸಿದೆ."

ಮೂಲದ ಮೇಲೆ ಪುಸ್ತಕದ ಪುಟಕ್ಕೆ, ಲೈಸೆನ್ಸ್‌ನ ಮೇಲೆ ಅದರ ಪುಟಕ್ಕೆ ಲಿಂಕ್. "ಕೃಪೆ: ಇಂಟರ್‌ನೆಟ್" ಅಂತ ಹಾಕುವುದು ಕೃಪೆಯೇ ಅಲ್ಲ. ಯಾರದು, ಎಲ್ಲಿಂದ, ಯಾವ ಲೈಸೆನ್ಸ್, ಏನು ಬದಲಾಯಿತು, ಇಷ್ಟು ಇರಬೇಕು. ಅಕಸ್ಮಾತ್ ತಪ್ಪಿದರೂ 4.0ರಲ್ಲಿ ಒಂದು ಉಪಕಾರ ಇದೆ. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಕಳೆದುಕೊಂಡ ಹಕ್ಕು ತಾನಾಗಿ ವಾಪಸ್ ಬರುತ್ತದೆ.

ನಿಮಗೆ ಯಾವುದು?

ಹೊಸದಾಗಿ ಬರೆಯುತ್ತಿದ್ದೀರಿ, ಎಲ್ಲ ನಿಮ್ಮದೇ ಅಂದರೆ ಬೈ ಹಾಕಿ. ನನ್ನ ಆಯ್ಕೆ ಅದೇ. ಹಲವರು ಸೇರಿ ವರ್ಷಗಟ್ಟಲೆ ಬೆಳೆಸುವ ಸಾಮಗ್ರಿ, ಯಾರೋ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡರೆ ನೋವಾಗುತ್ತದೆ ಅಂದರೆ ಬೈ-ಎಸ್‌ಎ. ನಿಮ್ಮ ಸಂಸ್ಥೆಯವರು ಎನ್‌ಸಿ ಇಲ್ಲದೆ ಒಪ್ಪುವುದೇ ಇಲ್ಲ ಅಂದರೆ ಎನ್‌ಸಿಯನ್ನೇ ಹಾಕಿ, ಆದರೆ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ: "ಶುಲ್ಕ ತೆಗೆದುಕೊಳ್ಳುವ ಕೋರ್ಸ್‌ಗಳಲ್ಲೂ ಬಳಸಬಹುದು, ಪ್ರಿಂಟ್ ಮಾಡಿಸಿಕೊಳ್ಳಬಹುದು." ಹಕ್ಕುದಾರರು ಲೈಸೆನ್ಸ್‌ಗಿಂತ ಹೆಚ್ಚಿನ ಅನುಮತಿ ಕೊಡಲು ಅಡ್ಡಿ ಇಲ್ಲ.

ಘಟಕದೊಳಗೆ ಬೇರೆಯವರ ಮುಕ್ತವಲ್ಲದ ಚಿತ್ರವೋ ಕವಿತೆಯೋ ಇದ್ದರೆ ಅದೊಂದನ್ನು ಗುರುತು ಮಾಡಿ, ಉಳಿದದ್ದನ್ನು ಬಿಡಬಹುದು: "ಪುಟ 14ರ ಕವಿತೆಯನ್ನು ಬಿಟ್ಟು ಉಳಿದದ್ದೆಲ್ಲ ಸಿಸಿ ಬೈ 4.0." ಒಂದು ಪುಟಕ್ಕಾಗಿ ನಲವತ್ತು ಪುಟಗಳನ್ನು ಕಟ್ಟಿಹಾಕುವುದು ಬೇಡ.

ಲೈಸೆನ್ಸ್ ಸಾಲನ್ನು ವೆಬ್‌ಸೈಟಿನ ಮೂಲೆಯಲ್ಲಿ ಹಾಕಿ ಬಿಡಬೇಡಿ. ದೂರ ಶಿಕ್ಷಣದ ಫೈಲ್ ವಾಟ್ಸ್ಆ್ಯಪ್‌ನಲ್ಲಿ, ಪೆನ್‌ಡ್ರೈವ್‌ನಲ್ಲಿ ಊರೂರು ತಿರುಗುತ್ತದೆ, ವೆಬ್‌ಸೈಟ್ ಅದರ ಜೊತೆ ಹೋಗುವುದಿಲ್ಲ. ಪಿಡಿಎಫ್‌ನ ಮೊದಲ ಪುಟದಲ್ಲಿ, ವಿಡಿಯೊದ ಕೊನೆಯಲ್ಲಿ, ಆಡಿಯೊದಲ್ಲಾದರೆ ಬಾಯಿಮಾತಿನಲ್ಲಿ ಹೇಳಿ. ತಿದ್ದಲು ಬರುವ ಮೂಲ ಫೈಲನ್ನೂ ಕೊಡಿ. ತಿದ್ದಬಹುದು ಅಂತ ಹೇಳಿ ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಕೊಟ್ಟರೆ ಯಾರಿಗೂ ತಿದ್ದಲು ಆಗುವುದಿಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ಆ ಸ್ಕ್ಯಾನ್ ಬರೀ ಖಾಲಿ ಹಾಳೆ. ಪಾಸ್‌ವರ್ಡ್ ಒಳಗೆ ಇಡಬಹುದು, ಆದರೆ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಬೇರೆಯವರಿಂದ ತಂದದ್ದಕ್ಕೆ ಕಾಪಿ ಆಗದಂತೆ ಬೀಗ ಹಾಕುವಂತಿಲ್ಲ.

ನಮ್ಮ ಜೀವಶಾಸ್ತ್ರದ ಘಟಕಗಳ ಮೊದಲ ಪುಟದಲ್ಲಿ ಲೈಸೆನ್ಸ್‌ನ ಕೆಳಗೆ ಇನ್ನೊಂದು ಸಾಲನ್ನೂ ಹಾಕಿದ್ದೇವೆ, ಯಾರೂ ಮತ್ತೆ ಮೂರು ದಿನ ಕಾಯಬಾರದು ಅಂತ: "ಇದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು, ಕೋರ್ಸ್ ಮುಗಿದ ಮೇಲೂ."